ಎಣಿಕೆ ಅಕ್ಷರವಾಗುವ ಬಗೆ



ಸೇಲಂನಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ಹಾಸಿನ ಎಳೆಗಳನ್ನು ಮನೆಯಲ್ಲಿ ಕನ್ನಡದಲ್ಲಿ ಎಣಿಸಿದರೂ ಅಂಗಡಿಯಲ್ಲಿ ತಮಿಳಿನಲ್ಲಿ ಎಣಿಸಿದರೂ ನಾನೂರ ಏಳು ಎಳೆ ಅಷ್ಟೇ ಇರುತ್ತದೆ. ಎಣಿಕೆ ಒಂದು, ಅದನ್ನು ಹೇಳುವ ಮಾತು ಎರಡು. ಕಂಪ್ಯೂಟರಿನ ಒಳಗೂ ಹೀಗೆಯೇ.

ಅಲ್ಲಿ ೪೦೭ ಎಂಬುದು ೧೧೦೦೧೦೧೧೧ ಎಂಬ ಒಂಬತ್ತು ಬಿಟ್‌ಗಳಾಗಿ ಕುಳಿತಿರುತ್ತದೆ. ಅದು ಚೀಟಿಯ ಮೇಲೆ ಮೂಡಬೇಕಾದರೆ ಒಂದೊಂದು ಅಂಕಿಯನ್ನೂ ಅಕ್ಷರವಾಗಿ ಬಿಡಿಸಬೇಕು. ಸಿ ಭಾಷೆಯಲ್ಲಿ ಇದಕ್ಕೆ ಸಿದ್ಧ ಸೌಕರ್ಯವುಂಟು. ಅಸೆಂಬ್ಲಿಯಲ್ಲಿ ಬರೆಯುವವರು ಸಾಮಾನ್ಯವಾಗಿ ತಾವೇ ಮಾಡಿಕೊಳ್ಳಬೇಕು.

ಉಪಾಯ ಶಾಲೆಯ ಭಾಗಾಕಾರವೇ. ೪೦೭ನ್ನು ಹತ್ತರಿಂದ ಭಾಗಿಸಿದರೆ ಭಾಗಲಬ್ಧ ೪೦, ಶೇಷ ೭. ೪೦ನ್ನು ಭಾಗಿಸಿದರೆ ೪, ಶೇಷ ೦. ೪ನ್ನು ಭಾಗಿಸಿದರೆ ೦, ಶೇಷ ೪. ಭಾಗಲಬ್ಧ ಸೊನ್ನೆಯಾದೊಡನೆ ನಿಲ್ಲಿಸಬೇಕು. ಶೇಷಗಳು ೭, ೦, ೪ ಎಂದು ತಲೆಕೆಳಗಾಗಿ ಬಂದವಲ್ಲವೇ? ಆದ್ದರಿಂದ ಕಾದಿರಿಸಿದ ಜಾಗದ ಕೊನೆಯಿಂದ ಹಿಂದಕ್ಕೆ ತುಂಬುತ್ತಾ ಬರಬೇಕು. ಮೊದಲು ಭಾಗಿಸಿ, ಆಮೇಲೆ ಪರೀಕ್ಷಿಸಬೇಕು. ಇಲ್ಲದಿದ್ದರೆ ಬರಿಯ ಸೊನ್ನೆ ಬಂದಾಗ ಏನೂ ಮೂಡದು.

ಭಾಷೆಯ ಪ್ರಶ್ನೆ ಬರುವುದು ಈಗ. ಶೇಷಕ್ಕೆ ೪೮ ಕೂಡಿಸಿದರೆ ಆಸ್ಕಿ ಸಂಕೇತದ ಇಂಗ್ಲಿಷ್ ಅಂಕಿ. ೩೩೦೨ ಕೂಡಿಸಿದರೆ ಯೂನಿಕೋಡಿನ ಕನ್ನಡ ಅಂಕಿ. ಏಳು ಅಲ್ಲಿ ೫೫, ಇಲ್ಲಿ ೩೩೦೯. ಹಳೆಯ ತಮಿಳು ಬರವಣಿಗೆಯ ದಾರಿ ಬೇರೆ: ನಾಲ್ಕು, ನೂರರ ಗುರುತು, ಏಳು, ನಡುವೆ ಸೊನ್ನೆಯಿಲ್ಲ. ಅದಕ್ಕೆ ಲೆಕ್ಕದ ಕ್ರಮವನ್ನೇ ಬದಲಿಸಬೇಕು. ಕನ್ನಡಕ್ಕೆ ಆ ತೊಡಕಿಲ್ಲ.

ಜಾಗವನ್ನು ಮಾತ್ರ ಅಳೆದು ಇಡಬೇಕು. ಮೂವತ್ತೆರಡು ಬಿಟ್‌ನ ಪೂರ್ಣಾಂಕಗಳಲ್ಲಿ ಅತಿ ಚಿಕ್ಕದು –೨೧೪೭೪೮೩೬೪೮. ಹತ್ತು ಅಂಕಿ, ಒಂದು ಋಣಚಿಹ್ನೆ, ಮುಕ್ತಾಯದ ಒಂದು ಶೂನ್ಯ ಬೈಟ್: ಆಸ್ಕಿಯಲ್ಲಿ ೧೨ ಬೈಟ್. ಯುಟಿಎಫ್-೮ ಕ್ರಮದಲ್ಲಿ ಪ್ರತಿ ಕನ್ನಡ ಅಂಕಿಗೂ ಮೂರು ಬೈಟ್ ಬೇಕಾದ್ದರಿಂದ ಒಟ್ಟು ೩೨. ಹನ್ನೆರಡೇ ಇಟ್ಟು ಕನ್ನಡ ತುಂಬಿಸಹೋದರೆ ಪಕ್ಕದ ಮಾಹಿತಿ ಅಳಿಸಿಹೋಗುತ್ತದೆ. ಅಂಥ ಕೆಡುಕಿಗೆ ಕಾರಣ ಕನ್ನಡವಲ್ಲ, ಅಳತೆ ತಪ್ಪಿದ ಜಾಗ.

"ಯಂತ್ರಕ್ಕೆ ಕನ್ನಡ ಅಂಕಿ ಒಗ್ಗದು" ಎಂದು ಯಾರಾದರೂ ಹೇಳಿದರೆ, ಒಪ್ಪುವ ಮೊದಲು ಖರ್ಚನ್ನು ಕೇಳಿರಿ: ಕೂಡುವ ಸಂಖ್ಯೆಯ ಬದಲಾವಣೆ, ಅದನ್ನು ಮೂರು ಬೈಟ್‌ಗಳಾಗಿ ಹಂಚುವ ನಾಲ್ಕಾರು ಸಾಲು, ಇಪ್ಪತ್ತು ಬೈಟ್ ಹೆಚ್ಚಿನ ಜಾಗ, ಹತ್ತು ಅಂಕಿಗಳ ಅಚ್ಚು. ೨೦೦೪ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಯ ಹೊಸೂರಿನ ಕಡೆ ಕನ್ನಡ ಓದುವ ಮಕ್ಕಳಿಗೂ ಇದು ಕೈಗೆಟುಕುವ ಕೆಲಸ. ಕಂಪ್ಯೂಟರ್ ಕಲಿಯುತ್ತಿರುವವರು ೪೦೭ರಿಂದಲೇ ಆರಂಭಿಸಬಹುದು.