ಪೊಟ್ಟಣದ ಮೇಲಿನ ತ್ರಿಕೋನ ಹೇಳುವುದೇನು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಕಂಡರೆ ಅದು ಸಸ್ಯಾಹಾರ ಎಂದು ನಿಮ್ಮ ಮನೆಯ ಪುಟ್ಟ ತಮ್ಮ ತಂಗಿಯರೂ ಹೇಳುತ್ತಾರೆ. ನೀರಿನ ಬಾಟಲಿಯ ತಳವನ್ನೊಮ್ಮೆ ತಿರುಗಿಸಿ ನೋಡಿ. ಅಲ್ಲೊಂದು ತ್ರಿಕೋನ, ಅದರೊಳಗೊಂದು ಅಂಕಿ ಇರುತ್ತದೆ. ಅದೇನೆಂದು ಕೇಳಿದರೆ ದೊಡ್ಡವರೂ "ಇದನ್ನು ಮರುಬಳಕೆ ಮಾಡುತ್ತಾರೆ ಅಂತ" ಎಂದುಬಿಡುತ್ತಾರೆ. ಆ ಉತ್ತರವನ್ನು ಇಂದು ಸ್ವಲ್ಪ ಪರೀಕ್ಷಿಸೋಣ.

ಮೂರು ಬಾಣಗಳು ಒಂದರ ಹಿಂದೊಂದು ಸುತ್ತುವ ಚಿಹ್ನೆಯನ್ನು 1970ರಲ್ಲಿ ರಚಿಸಿದವನು ಅಮೆರಿಕದ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ. ಮೊದಲ ಭೂದಿನ ಆಚರಿಸಿದ ವರ್ಷ ಅದು. ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿಯೊಂದು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಅವನ ಚಿತ್ರ ಗೆದ್ದಿತು. 1988ರಲ್ಲಿ ಅಲ್ಲಿನ ಪ್ಲಾಸ್ಟಿಕ್ ಉದ್ಯಮದವರು ಇದೇ ಬಗೆಯ ಬಾಣಗಳ ನಡುವೆ 1ರಿಂದ 7ರವರೆಗಿನ ಅಂಕಿಗಳನ್ನು ಸೇರಿಸಿದರು. ವಸ್ತು ಯಾವ ಜಾತಿಯ ಪ್ಲಾಸ್ಟಿಕ್ಕಿನದು ಎಂದು ವಿಂಗಡಿಸುವವರಿಗೆ ತಿಳಿಯಲಿ ಎಂಬುದೇ ಆ ಅಂಕಿಯ ಉದ್ದೇಶ. ಆದರೆ ಬಾಣ ಕಂಡ ಜನ ಅದನ್ನು ಮರುಬಳಕೆಯ ಭರವಸೆ ಎಂದೇ ಓದಿಕೊಂಡರು. ಈ ಗೊಂದಲ ತಪ್ಪಿಸಲು 2013ರಲ್ಲಿ ಅಮೆರಿಕದ ಮಾನಕದಲ್ಲಿ ಬಾಣಗಳನ್ನು ತೆಗೆದು ಬರಿಯ ತ್ರಿಕೋನ ಇಟ್ಟರು. ಹಳೆಯ ಅಚ್ಚುಗಳು ಹಾಗೇ ಇರುವುದರಿಂದ ಬಾಣಗಳು ಇಂದಿಗೂ ಕಾಣಸಿಗುತ್ತವೆ.

ಅಂಕಿಗಳನ್ನು ನಮ್ಮ ಮನೆಯ ವಸ್ತುಗಳಿಂದಲೇ ನೆನಪಿಡಬಹುದು. 1 ಎಂದರೆ ಪೆಟ್, ಕುಡಿಯುವ ನೀರಿನ ಬಾಟಲಿ. 2 ಎಂದರೆ ಎಚ್‌ಡಿಪಿಇ, ಫಿನಾಯಿಲ್ ಡಬ್ಬದಂಥ ಗಟ್ಟಿ ಪ್ಲಾಸ್ಟಿಕ್. 3 ಪಿವಿಸಿ, ಪೈಪಿನ ಪ್ಲಾಸ್ಟಿಕ್. 4 ಎಲ್‌ಡಿಪಿಇ, ಹಾಲಿನ ಕವರಿನ ಜಾತಿ. 5 ಪಾಲಿಪ್ರೊಪಿಲೀನ್, ಊಟದ ಡಬ್ಬಿ ಮತ್ತು ಅಕ್ಕಿಯ ಹೆಣೆದ ಚೀಲ. 6 ಪಾಲಿಸ್ಟೈರೀನ್, ಥರ್ಮಾಕೋಲ್ ಇದರದೇ ರೂಪ. ಇವಾವುವೂ ಅಲ್ಲದ್ದು, ಹಲವು ಪದರಗಳನ್ನು ಅಂಟಿಸಿದ್ದು 7. ಚಿಪ್ಸ್ ಪೊಟ್ಟಣದ ಒಳಗೆ ಬೆಳ್ಳಿಯಂತೆ ಹೊಳೆಯುವ ಲೋಹದ ತೆಳು ಲೇಪವನ್ನು ನೋಡಿದ್ದೀರಲ್ಲ, ಅದನ್ನು ಪ್ಲಾಸ್ಟಿಕ್ ಪದರದಿಂದ ಬಿಡಿಸುವುದು ಬಹಳ ಕಷ್ಟ. ಗುಜರಿಯವರು ಬಾಟಲಿ ಕೊಂಡು ಚಿಪ್ಸ್ ಪೊಟ್ಟಣ ಬೇಡ ಎನ್ನುವುದಕ್ಕೆ ಇದೇ ಕಾರಣ. ಎರಡರ ಮೇಲೂ ತ್ರಿಕೋನ ಇದ್ದರೂ ಒಂದಕ್ಕೆ ಬೆಲೆ ಉಂಟು, ಇನ್ನೊಂದಕ್ಕಿಲ್ಲ.

ವಿಜ್ಞಾನದ ಕೊಠಡಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನೀರಿನ ಬಾಟಲಿಯನ್ನೂ ಅದರ ಮುಚ್ಚಳವನ್ನೂ ಚೂರುಗಳಾಗಿ ಕತ್ತರಿಸಿ ಬಕೆಟ್ ನೀರಿಗೆ ಹಾಕಿ. ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಪೆಟ್‌ನ ಸಾಂದ್ರತೆ ನೀರಿಗಿಂತ ಹೆಚ್ಚು, ಮುಚ್ಚಳಕ್ಕೆ ಬಳಸುವ ಪ್ಲಾಸ್ಟಿಕ್ಕಿನದು ಕಡಿಮೆ. ಮರುಬಳಕೆಯ ಕಾರ್ಖಾನೆಗಳಲ್ಲೂ ಈ ಉಪಾಯದಿಂದಲೇ ಅವನ್ನು ಬೇರ್ಪಡಿಸುತ್ತಾರೆ. ಪೆಟ್ ಚೂರುಗಳು ಕರಗಿ ಎಳೆಯಾಗಿ ಪಾಲಿಯೆಸ್ಟರ್ ಬಟ್ಟೆಯಾಗುತ್ತವೆ. ಆದರೆ ಅವುಗಳ ನಡುವೆ ಪಿವಿಸಿ ಸೇರಿಕೊಂಡರೆ ಅದು ಆ ಶಾಖದಲ್ಲಿ ಒಡೆದು ಆಮ್ಲ ಬಿಟ್ಟು ಇಡೀ ರಾಶಿಯನ್ನು ಕೆಡಿಸುತ್ತದೆ. ಒಂದು ಅಂಕಿಗೆ ಅಷ್ಟು ಮಹತ್ವವಿದೆ.

ಇನ್ನು 'ಕಂಪೋಸ್ಟಬಲ್' ಎಂಬ ಮಾತಿಗೆ ಬರೋಣ. ಇದು ಗೊಬ್ಬರವಾಗುವ ಚೀಲ ಎಂದು ಅಂಗಡಿಯವರು ಕೊಡುತ್ತಾರೆ, ನಾವು ನಂಬಿ ತಿಪ್ಪೆಗೆ ಎಸೆಯುತ್ತೇವೆ. ಈ ಹೆಸರು ಪಡೆಯಲು ಚೀಲ ಐಎಸ್/ಐಎಸ್‌ಒ 17088 ಎಂಬ ಮಾನಕದ ಪರೀಕ್ಷೆ ಗೆಲ್ಲಬೇಕು. ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ ಕಾಯ್ದುಕೊಂಡ ಗೊಬ್ಬರದಲ್ಲಿ ಅದು 12 ವಾರಗಳಲ್ಲಿ ಪುಡಿಯಾಗಬೇಕು, 180 ದಿನಗಳೊಳಗೆ ಅದರ ಇಂಗಾಲದ ಶೇ. 90ರಷ್ಟನ್ನು ಸೂಕ್ಷ್ಮಜೀವಿಗಳು ಅರಗಿಸಬೇಕು. ದೊಡ್ಡ ಗೊಬ್ಬರ ಘಟಕದಲ್ಲಿ ಆ ಶಾಖ ಸಾಧ್ಯ. ನಮ್ಮ ಹಿತ್ತಲ ಗುಂಡಿಯಲ್ಲಿ ಅಷ್ಟು ಬಿಸಿ ಅಷ್ಟು ದಿನ ನಿಲ್ಲುವುದಿಲ್ಲ. ಹಾಗಾಗಿ ಅದು ಅಲ್ಲಿ ಬಹುಕಾಲ ಹಾಗೇ ಬಿದ್ದಿರಬಹುದು.

ಕೆಲವು ಚೀಲಗಳ ಮೇಲೆ ಬರಿಯ 'ಪರಿಸರ ಸ್ನೇಹಿ' ಎಂದೋ 'ಬಯೋಡಿಗ್ರೇಡಬಲ್' ಎಂದೋ ಅಚ್ಚಾಗಿರುತ್ತದೆ, ಪಕ್ಕದಲ್ಲೊಂದು ಹಸಿರೆಲೆ. ಅಂಥ ಕೆಲವು ಚೀಲಗಳು ಬಿಸಿಲಿಗೆ ಚೂರುಚೂರಾಗಿ ಕಣ್ಣಿಗೆ ಕಾಣದಂತಾಗುತ್ತವೆ. ಆದರೆ ಚೂರಾಗುವುದೇ ಬೇರೆ, ಗೊಬ್ಬರವಾಗುವುದೇ ಬೇರೆ. ಆ ಚೂರುಗಳು ನಮ್ಮ ಹೊಲದ ಮಣ್ಣಿನಲ್ಲೇ ಉಳಿಯುತ್ತವೆ. ಆದ್ದರಿಂದ ಎಲೆಯ ಚಿತ್ರಕ್ಕೆ ಮರುಳಾಗದೆ ಅಕ್ಷರ ಓದಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಂಪೋಸ್ಟಬಲ್ ಕೈಚೀಲದ ಮೇಲೆ ತಯಾರಕರ ಹೆಸರು ಮತ್ತು ಪ್ರಮಾಣಪತ್ರದ ಸಂಖ್ಯೆ ಇರಲೇಬೇಕು. ಆ ಪ್ರಮಾಣಪತ್ರ ಕೊಡುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಸಾಮಾನ್ಯ ಪ್ಲಾಸ್ಟಿಕ್ ಕೈಚೀಲವಾದರೆ 2022ರ ಡಿಸೆಂಬರ್ 31ರಿಂದ ಅದರ ದಪ್ಪ 120 ಮೈಕ್ರಾನ್‌ಗಿಂತ ಕಡಿಮೆ ಇರುವಂತಿಲ್ಲ. ನಮ್ಮ ರಾಜ್ಯವಂತೂ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ.

ಕಾಗದದ ಲೋಟವನ್ನೂ ಮರೆಯಬೇಡಿ. ಚಹಾ ಸೋರದಂತೆ ಅದರ ಒಳಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಪೂರ್ತಿ ಕಾಗದವೂ ಅಲ್ಲ, ಪೂರ್ತಿ ಪ್ಲಾಸ್ಟಿಕ್ಕೂ ಅಲ್ಲ. ಅಡಿಕೆ ಹಾಳೆಯ ತಟ್ಟೆಗೂ ಮುತ್ತುಗದ ಎಲೆಗೂ ಯಾವ ಚಿಹ್ನೆಯೂ ಬೇಕಿಲ್ಲ. ಅವು ತಿಪ್ಪೆ ಸೇರಿದರೆ ತಾವಾಗಿಯೇ ಗೊಬ್ಬರವಾಗುತ್ತವೆ.

ಇಷ್ಟನ್ನೆಲ್ಲ ತಿಳಿದು ಆಗಬೇಕಾದದ್ದೇನು ಎಂದು ಕೇಳಬಹುದು. ನಮ್ಮ ಊರುಗಳಲ್ಲಿ ಪ್ಲಾಸ್ಟಿಕ್ ಕವರು ಹೋಗುವ ಒಂದು ಜಾಗ ಬಚ್ಚಲ ಒಲೆ. ಬೆಳಗ್ಗೆ ಹಂಡೆಗೆ ಉರಿ ಹಚ್ಚಲು ಕವರು ಬೇಗ ಹತ್ತಿಕೊಳ್ಳುತ್ತದೆ ಎಂದು ಹಾಕುತ್ತೇವೆ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್ ಎಂಬ ವಿಷವೂ ಹೊರಡುತ್ತವೆ. ಉಳಿದ ಪ್ಲಾಸ್ಟಿಕ್ಕಿನ ಹೊಗೆಯೂ ಒಳ್ಳೆಯದಲ್ಲ. ಒಲೆಯ ಮುಂದೆ ಕೂತು ಅದನ್ನು ಮೊದಲು ಉಸಿರಾಡುವವರು ನಿಮ್ಮ ಅವ್ವ, ಅಜ್ಜಿ. ಇಂದು ಮನೆಗೆ ಹೋಗಿ ಈ ಒಂದು ಮಾತನ್ನಾದರೂ ಹೇಳಿ.

ಇನ್ನೊಂದು ಜಾಗ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ. ಅಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಕಸವನ್ನು ಕೈಯಿಂದ ವಿಂಗಡಿಸುತ್ತಾರೆ. ಮೊಸರು ಮೆತ್ತಿದ ಕವರು, ಸಾರು ಸುರಿದ ರಟ್ಟು ಬಂದರೆ ಅದನ್ನು ತೊಳೆಯುವವರಿಲ್ಲ, ಕೊಳ್ಳುವವರಿಲ್ಲ. ಅದೇ ಕವರನ್ನು ನಾವು ಒಂದು ಲೋಟ ನೀರಿನಲ್ಲಿ ಜಾಲಿಸಿ ಒಣಗಿಸಿ ಕೊಟ್ಟರೆ ಅವರ ಕೈಯೂ ಚೊಕ್ಕವಾಗಿರುತ್ತದೆ, ಸಂಘಕ್ಕೆ ನಾಲ್ಕು ಕಾಸೂ ಸಿಗುತ್ತದೆ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ತುಂಡು ಕವರಿಗೇ ಅಂಟಿಕೊಂಡಿರಲಿ. ಸಣ್ಣ ಚೂರನ್ನು ಯಾರೂ ಆರಿಸಲಾರರು.

ಕೊನೆಯದಾಗಿ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ. ಒಂದು ವಾರ ನಿಮ್ಮ ಮನೆಗೆ ಬಂದ ಖಾಲಿ ಪೊಟ್ಟಣಗಳನ್ನು ತೊಳೆದು ತಂದು, ಅಂಕಿಯ ಪ್ರಕಾರ ದೊಡ್ಡ ಹಾಳೆಯ ಮೇಲೆ ಅಂಟಿಸಿ. ಆ ಹಾಳೆಯನ್ನು ಸ್ವಚ್ಛ ಸಂಕೀರ್ಣದ ಅಕ್ಕಂದಿರಿಗೂ ಗುಜರಿ ಅಂಗಡಿಯವರಿಗೂ ತೋರಿಸಿ, ಯಾವುದನ್ನು ತೆಗೆದುಕೊಳ್ಳುತ್ತೀರಿ, ಯಾವುದನ್ನು ಇಲ್ಲ, ಏಕೆ ಎಂದು ಕೇಳಿ ಪ್ರತಿಯೊಂದರ ಪಕ್ಕದಲ್ಲೂ ಬರೆಯಿರಿ. ವಸ್ತು ಯಾವುದೆಂದು ತ್ರಿಕೋನ ಹೇಳುತ್ತದೆ. ಅದು ನಮ್ಮೂರಿನಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವರೇ ಹೇಳಬೇಕು. ಆ ಹಾಳೆಯನ್ನು ಶಾಲೆಯ ಗೋಡೆಗೆ ತೂಗುಹಾಕಿದರೆ ಊರಿನವರೆಲ್ಲ ಬಂದು ಓದಲಿ.