ಪಾತ್ ಬರೀ ಸ್ಟ್ರಿಂಗ್ ಅಲ್ಲ



ರಾಯಣ್ಣನ ಸಂಗೊಳ್ಳಿಯಲ್ಲಿ ಹ್ಯಾಸ್ಕೆಲ್ ಕುರಿತ ಸಂಕಿರಣ ನಡೆಯುತ್ತಿರುವುದು ನನಗೆ ಬಹಳ ಸಂತೋಷ ತಂದಿದೆ. ಈ ಪ್ರೋಗ್ರಾಮಿಂಗ್ ಭಾಷೆ ನಮ್ಮ ನಾಡಿಗೆ ದೂರದ್ದೇನಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ಶುರುವಾದ ‘ನಮ್ಮ ಯಾತ್ರಿ’ ಆಟೋ ಆ್ಯಪ್‌ನ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದೆ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು. ಇಂಥ ದೊಡ್ಡ ಕೆಲಸ ಅನೇಕ ಪ್ಯಾಕೇಜುಗಳಲ್ಲಿ ಹಂಚಿಕೊಂಡಿರುತ್ತದೆ. ಹ್ಯಾಸ್ಕೆಲ್ ಪ್ಯಾಕೇಜುಗಳನ್ನು ಬಿಲ್ಡ್ ಮಾಡುವ ಹೊಣೆ ಕಬಾಲ್ ಲೈಬ್ರರಿಯದು.

ಬಿಲ್ಡ್ ಮಾಡಲು ಫೈಲುಗಳನ್ನು ಹುಡುಕಬೇಕು, ಅದಕ್ಕೆ ಫೈಲ್ ಪಾತ್, ಅಂದರೆ ಫೈಲಿನ ವಿಳಾಸ ಬೇಕು. ಹ್ಯಾಸ್ಕೆಲ್‌ನಲ್ಲಿ ಅದು ಮೊದಲಿನಿಂದಲೂ ಒಂದು ಸ್ಟ್ರಿಂಗ್, ಅಷ್ಟೇ. ‘ಎಡಕ್ಕೆ ಹೊರಳಿದರೆ ಮೂರನೇ ಮನೆ’ ಎಂದು ಯಾರಾದರೂ ವಿಳಾಸ ಹೇಳಿದರೆ, ಬಸ್ ನಿಲ್ದಾಣದಿಂದಲೋ ಗುಡಿಯಿಂದಲೋ ಎಂದು ನಾವು ಕೇಳುತ್ತೇವೆ. ಸ್ಟ್ರಿಂಗ್‌ನಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಕಬಾಲ್ ಬಹುಕಾಲ ಪ್ರೊಸೆಸ್‌ನ ವರ್ಕಿಂಗ್ ಡೈರೆಕ್ಟರಿಯನ್ನೇ ಆರಂಭವೆಂದು ನಂಬಿಕೊಂಡಿತ್ತು. ಆದರೆ ಆ ಡೈರೆಕ್ಟರಿ ಇಡೀ ಪ್ರೊಸೆಸ್‌ಗೆ ಒಂದೇ. ಎಲ್ಲ ಥ್ರೆಡ್‌ಗಳಿಗೂ ಅದೇ. ಒಂದು ಥ್ರೆಡ್ ಅದನ್ನು ಬದಲಿಸಿದರೆ, ಪಕ್ಕದ ಥ್ರೆಡ್‌ನಲ್ಲಿ ಬಿಲ್ಡ್ ಆಗುತ್ತಿರುವ ಪ್ಯಾಕೇಜು ತನ್ನ ಫೈಲನ್ನು ಬೇರೆಯವರ ಫೋಲ್ಡರಿನಲ್ಲಿ ಹುಡುಕುತ್ತದೆ.

2024ರ ಕಬಾಲ್ 3.14 ‘ಸಿಂಬಾಲಿಕ್ ಪಾತ್’ ಎಂಬ ಟೈಪನ್ನು ವ್ಯಾಪಕವಾಗಿ ಬಳಕೆಗೆ ತಂದಿತು. ಎಲ್ಲಿಂದ ಹೊರಟಿದೆ, ಎಂಥದ್ದನ್ನು ತಲುಪುತ್ತದೆ ಎಂಬ ಎರಡು ಸಂಗತಿಗಳೂ ಟೈಪ್‌ನಲ್ಲೇ ಇರುತ್ತವೆ: ಪ್ಯಾಕೇಜಿನ ಫೋಲ್ಡರಿನಿಂದ ಸೋರ್ಸ್ ಫೋಲ್ಡರಿಗೆ, ಸೋರ್ಸ್ ಫೋಲ್ಡರಿನಿಂದ ಒಂದು ಫೈಲಿಗೆ. ಮೊದಲನೆಯದರ ಕೊನೆಗೆ ಎರಡನೆಯದರ ಮೊದಲು ಹೊಂದದಿದ್ದರೆ ಕಂಪೈಲರ್ ಅವನ್ನು ಜೋಡಿಸಲು ಬಿಡುವುದಿಲ್ಲ. ಈ ಗುರುತುಗಳು ಕಂಪೈಲ್ ಹೊತ್ತಿಗೆ ಮಾತ್ರ. ಪ್ರೋಗ್ರಾಂ ಓಡುವಾಗ ಇವುಗಳ ಭಾರವಿಲ್ಲ. ಫೈಲ್ ಡಿಸ್ಕ್‌ನಲ್ಲಿ ನಿಜಕ್ಕೂ ಇದೆಯೇ ಎಂಬುದನ್ನು ಮಾತ್ರ ಟೈಪ್ ಹೇಳಲಾರದು. ಆ ಪರೀಕ್ಷೆ ನಾವೇ ಮಾಡಬೇಕು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಒಂದು ಫೈಲಿಗೆ ‘ಸಂಗೊಳ್ಳಿ’ ಎಂದು ಹೆಸರಿಡಿ. ಯೂನಿಕೋಡ್‌ನಲ್ಲಿ ಅದು 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ‘ಗೊ’ದ ಒ ಸ್ವರಚಿಹ್ನೆಯನ್ನು ಎರಡು ಸಂಕೇತಗಳಾಗಿ ಬಿಡಿಸಿ ಬರೆಯಲೂ ಬರುತ್ತದೆ, ಆಗ ಅದೇ ಹೆಸರು 27 ಬೈಟ್. ಕಣ್ಣಿಗೆ ಒಂದೇ ಆದರೂ ಲಿನಕ್ಸ್‌ಗೆ ಇವು ಎರಡು ಬೇರೆ ಫೈಲುಗಳು. ಇನ್ನು ಸ್ಟ್ರಿಂಗ್ ಆಗಿ ಓದುವಾಗ ಲೊಕೇಲ್ ಸರಿಯಿಲ್ಲದಿದ್ದರೆ ಕನ್ನಡ ಹೆಸರು ಕೆಟ್ಟೇಹೋಗಬಹುದು. ಫೈಲ್‌ಪಾತ್ ಲೈಬ್ರರಿಯ ‘ಓಎಸ್ ಪಾತ್’ ಟೈಪ್, ಆಪರೇಟಿಂಗ್ ಸಿಸ್ಟಂ ಕೊಟ್ಟ ಬೈಟುಗಳನ್ನು ಕೊಟ್ಟಂತೆಯೇ ಕಾಪಾಡುತ್ತದೆ.

ಪ್ರೋಗ್ರಾಮರ್ ನೆನಪಿಟ್ಟುಕೊಳ್ಳಬೇಕಾದ ಸಂಗತಿಯನ್ನು ಟೈಪ್‌ಗೆ ವಹಿಸಬಹುದಾದರೆ ವಹಿಸಲೇಬೇಕು: ಇದು ಈ ಸಂಕಿರಣದ ಆಶಯ. ವಿದ್ಯಾರ್ಥಿಗಳೇ, ಪಾತ್ ತೆಗೆದುಕೊಳ್ಳುವ ಫಂಕ್ಷನ್ ಬರೆಯುವಾಗ, ಅದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಟೈಪ್‌ನಲ್ಲೇ ಬರೆಯಿರಿ. ಕನ್ನಡ ಹೆಸರಿನ ಫೈಲ್ ಕೊಟ್ಟು ಪರೀಕ್ಷಿಸದೆ ಯಾವ ತಂತ್ರಾಂಶವನ್ನೂ ಹೊರಬಿಡಬೇಡಿ.