128 ಕೆಬಿ: ನಾವು ಕೇಳುವ ಮೊದಲೇ ಕರ್ನೆಲ್ ಓದಿಡುವುದು ಎಷ್ಟು?

ಇವತ್ತು ಒಂದೇ ಒಂದು ಸಂಖ್ಯೆ ಬಗ್ಗೆ ಮಾತಾಡ್ತೀನಿ: 128. ಲಿನಕ್ಸ್‌ನಲ್ಲಿ ಪ್ರತಿ ಡಿಸ್ಕ್‌ಗೂ ರೀಡ್-ಅಹೆಡ್ ಅಂತ ಒಂದು ಪುಟ್ಟ ಸೆಟ್ಟಿಂಗ್ ಇದೆ. ಸಾಮಾನ್ಯವಾಗಿ ಅದರಲ್ಲಿ 128 ಕೆಬಿ ಅಂತ ಇರುತ್ತೆ. ಅಂದರೆ ನಿಮ್ಮ ಪ್ರೋಗ್ರಾಂ ಇನ್ನೂ ಕೇಳದೇ ಇರುವ ಭಾಗವನ್ನೂ ಕರ್ನೆಲ್ ಅಷ್ಟರ ಮಟ್ಟಿಗೆ ತಾನೇ ಮುಂದಾಗಿ ಓದಿಡಬಹುದು. "ಡಿಸ್ಕ್ ನಿಧಾನ ಆಗಿದೆ" ಅಂತ ಯಾರನ್ನಾದರೂ ಕೇಳಿ, ಈ ಸಂಖ್ಯೆ ಜಾಸ್ತಿ ಮಾಡಿ ಅಂತಾರೆ. ಮಾಡೋ ಮುಂಚೆ ಒಳಗೆ ಏನು ನಡೆಯುತ್ತೆ ನೋಡೋಣ.

ಮೊದಲು ಲೆಕ್ಕ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ತೊಗೊಳ್ಳಿ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಬೇಕು, ಹೆಡ್ ಸರಿಯೋಕೆ ಇನ್ನೊಂದು ಎಂಟು ಮಿಲಿಸೆಕೆಂಡ್. ಒಟ್ಟು ಸುಮಾರು 12. ಅಂದರೆ ಸೆಕೆಂಡಿಗೆ ಎಂಬತ್ತು ಓಡಾಟ. ಪ್ರತಿ ಸಲ 4 ಕೆಬಿಯ ಒಂದು ಪುಟ ತಂದರೆ ಸಿಗೋದು ಸೆಕೆಂಡಿಗೆ 320 ಕೆಬಿ. ಅದೇ ಡಿಸ್ಕ್ ಸಾಲಾಗಿ ಓದಿದರೆ 150 ಎಂಬಿ ಕೊಡಬಲ್ಲದು. ಸುಮಾರು ಐನೂರು ಪಟ್ಟು! ಅಂಗಡಿಗೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಬೆಂಕಿಪೊಟ್ಟಣ ತಂದ ಹಾಗೆ. ಹೋದ ಮೇಲೆ ನಾಲ್ಕು ಸಾಮಾನು ಜಾಸ್ತಿ ತರೋದು ಜಾಣತನ. ಆದರೆ ಯಾವ ನಾಲ್ಕು?

ಇದನ್ನ ಊಹಿಸುವ ಈಗಿನ ಪದ್ಧತಿ ವು ಫೆಂಗ್‌ಗ್ವಾಂಗ್ ಬರೆದದ್ದು, 2007ರಲ್ಲಿ 2.6.23 ಆವೃತ್ತಿಗೆ ಬಂತು. ನನಗೆ ತುಂಬ ಇಷ್ಟವಾದ ಕೋಡ್ ಅದು. ಫೈಲಿನ ಮೊದಲ ಪುಟ ಕೇಳಿದಿರಿ ಅಂದುಕೊಳ್ಳಿ. ಕರ್ನೆಲ್ 4 ಪುಟ ತರುತ್ತೆ, 16 ಕೆಬಿ. ಎರಡನೇ ಪುಟದ ಮೇಲೆ ಒಂದು ಗುರುತು ಹಾಕಿಡುತ್ತೆ. ನೀವು ಆ ಗುರುತನ್ನ ಮುಟ್ಟಿದ ಕ್ಷಣ "ಓಹೋ, ಇವರು ಸಾಲಾಗಿ ಓದ್ತಿದ್ದಾರೆ" ಅಂತ ತಿಳಿದು ಮುಂದಿನ 32 ಕೆಬಿ ತರಿಸೋಕೆ ಶುರು ಮಾಡುತ್ತೆ. ಆಮೇಲೆ 64, ಆಮೇಲೆ 128, ಅಲ್ಲಿಗೆ ನಿಲ್ಲುತ್ತೆ. ಇಲ್ಲಿನ ಸೊಗಸು ಅಂದರೆ, ತಂದದ್ದು ಮುಗಿಯೋವರೆಗೆ ಅದು ಕಾಯೋದಿಲ್ಲ. ಪಂಕ್ತಿಯಲ್ಲಿ ಒಳ್ಳೇ ಬಡಿಸುವವರು ಎಲೆ ಖಾಲಿ ಆಗೋವರೆಗೆ ಕಾಯ್ತಾರಾ? ನೀವು ಈ ಪುಟ ಓದುತ್ತಿರುವಾಗಲೇ ಮುಂದಿನದು ದಾರಿಯಲ್ಲಿರುತ್ತೆ. ಎಸ್‌ಎಸ್‌ಡಿಯಲ್ಲಿ ಹೆಡ್ಡೇ ಇಲ್ಲ, ಆದರೂ ಈ ಉಪಾಯ ಅಲ್ಲೂ ಲಾಭ. ಕೆಲಸ ಕೈಯಲ್ಲಿ ಇದ್ದಷ್ಟೂ ಅದು ಚುರುಕು.

ಫೈಲಿನ ಮಧ್ಯದಿಂದ ಎಲ್ಲೆಂದರಲ್ಲಿ ಒಂದೊಂದು ಪುಟ ಕೇಳಿದರೆ? ಮಾಮೂಲಿ ರೀಡ್ ಕರೆ ಆದರೆ ಕರ್ನೆಲ್ ಸಾಮಾನ್ಯವಾಗಿ ಕೇಳಿದಷ್ಟನ್ನೇ ತಂದು ಸುಮ್ಮನಾಗುತ್ತೆ. ತೊಂದರೆ ಇರೋದು ಎಂ-ಮ್ಯಾಪ್‌ನಲ್ಲಿ. ಫೈಲನ್ನ ನೇರವಾಗಿ ಮೆಮೊರಿಗೆ ಜೋಡಿಸಿಕೊಂಡಾಗ, ಇಲ್ಲದ ಪುಟ ಮುಟ್ಟಿದರೆ ಅದರ ಹಿಂದೆ ಮುಂದೆ ಸೇರಿಸಿ ಇಡೀ ರೀಡ್-ಅಹೆಡ್ ಅಳತೆಯಷ್ಟು ತರುತ್ತೆ. 128 ಕೆಬಿ ಇದ್ದಾಗ ಕೇಳಿದ್ದರ 32 ಪಟ್ಟು.

ಇದು ಎಲ್ಲಿ ಕಚ್ಚುತ್ತೆ ಅಂತ ನಾನು ಕಣ್ಣಾರೆ ನೋಡಿದ್ದು ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ. ಹಾರ್ಡ್ ಡಿಸ್ಕ್ ಇದ್ದ ಹಳೇ ಸರ್ವರ್. ಬೆಳಗ್ಗೆ ಕೌಂಟರ್‌ನಲ್ಲಿ ಹಳೇ ರಿಪೋರ್ಟ್ ಹುಡುಕಬೇಕು, ಪರದೆ ಸುತ್ತುತ್ತಾ ಕೂತಿರುತ್ತೆ. ಎದುರಿಗೆ ಖಾಲಿ ಹೊಟ್ಟೆಯಲ್ಲಿ ಬಂದ ವಯಸ್ಸಾದವರ ಸಾಲು. ರಾತ್ರಿ ಬ್ಯಾಕಪ್ ಬೇಗ ಮುಗಿಯಲಿ ಅಂತ ಸರ್ವರ್ ನೋಡಿಕೊಳ್ಳುವವರು ಆ ಸಂಖ್ಯೆಯನ್ನ 4096 ಮಾಡಿದ್ದರು. ಬ್ಯಾಕಪ್ ನಿಜವಾಗಿಯೂ ಬೇಗ ಮುಗೀತಿತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಆದರೆ ರಿಪೋರ್ಟಿನ ಇಂಡೆಕ್ಸ್ ಎಂ-ಮ್ಯಾಪ್‌ನಲ್ಲಿತ್ತು. 4 ಕೆಬಿ ಬೇಕಾದ ಕಡೆ 4 ಎಂಬಿ, ಸಾವಿರದ ಇಪ್ಪತ್ನಾಲ್ಕು ಪಟ್ಟು. 150 ಎಂಬಿ ವೇಗದಲ್ಲೂ ಡಿಸ್ಕ್‌ಗೆ ಇಪ್ಪತ್ತೇಳು ಮಿಲಿಸೆಕೆಂಡ್ ಕೆಲಸ, ಒಂದು ಹುಡುಕಾಟಕ್ಕೆ ಇಂಥವು ಹಲವು. ಅದಕ್ಕಿಂತ ಕೆಟ್ಟದ್ದು, ಹೀಗೆ ತಂದ ಕಸ ಪೇಜ್ ಕ್ಯಾಶ್ ತುಂಬಿ, ಅಲ್ಲಿದ್ದ ಉಪಯೋಗದ ಪುಟಗಳನ್ನ ಹೊರಗೆ ತಳ್ಳುತ್ತಿತ್ತು. ಮುಂದಿನವರು ಮತ್ತೆ ಡಿಸ್ಕಿಗೇ ಹೋಗಬೇಕು.

ಕರ್ನೆಲ್ ಏನೂ ದಡ್ಡ ಅಲ್ಲ. ಊಹೆ ತಪ್ಪಿದ್ದನ್ನ ಎಣಿಸುತ್ತೆ, ನೂರು ದಾಟಿದರೆ ಕೈಬಿಡುತ್ತೆ. ಆದರೆ ಆ ಎಣಿಕೆ ಫೈಲ್ ಒಮ್ಮೆ ತೆರೆದು ಮುಚ್ಚೋವರೆಗೆ ಮಾತ್ರ. ಆ ಪ್ರೋಗ್ರಾಂ ಪ್ರತಿ ಹುಡುಕಾಟಕ್ಕೂ ಫೈಲನ್ನ ಹೊಸದಾಗಿ ತೆರೆಯುತ್ತಿತ್ತು. ಪಾಪ, ಕರ್ನೆಲ್ ಪ್ರತಿ ಸಲ ಸೊನ್ನೆಯಿಂದ ಕಲೀಬೇಕು.

ಪರಿಹಾರ ಎರಡು ಸಾಲು. ಸಂಖ್ಯೆ ವಾಪಸ್ 128. ಇಂಡೆಕ್ಸ್ ಓದುವ ಕೋಡ್‌ನಲ್ಲಿ ಎಂ-ಅಡ್ವೈಸ್ ಕರೆಗೆ ರ್‍ಯಾಂಡಮ್ ಅಂತ ಹೇಳಿದ್ದು, ಅಂದರೆ "ಇಲ್ಲಿ ಊಹೆ ಬೇಡ". ಬ್ಯಾಕಪ್‌ಗೆ ಪೋಸಿಕ್ಸ್ ಎಫ್-ಅಡ್ವೈಸ್‌ನಲ್ಲಿ ಸೀಕ್ವೆನ್ಷಿಯಲ್ ಅಂತ ಹೇಳಬಹುದು, ಆ ಒಂದು ಫೈಲಿಗೆ ಮಾತ್ರ ಅಳತೆ ದುಪ್ಪಟ್ಟಾಗುತ್ತೆ. ಇಡೀ ಡಿಸ್ಕಿನ ಸೆಟ್ಟಿಂಗ್ ಮುಟ್ಟೋದಕ್ಕಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ. ಯಾವುದನ್ನ ಹೇಗೆ ಓದ್ತೀವಿ ಅಂತ ಗೊತ್ತಿರೋದು ಪ್ರೋಗ್ರಾಂ ಬರೆದವರಿಗೆ ತಾನೇ?

ನೀವೇ ಅಳೆದು ನೋಡೋದಾದರೆ ಎರಡು ವಿಷಯ ಗಮನಿಸಿ. ಒಂದೇ ಫೈಲ್ ಎರಡನೇ ಸಲ ಓದಿದಾಗ ಸಿಗುವ ವೇಗ ಡಿಸ್ಕಿನದಲ್ಲ, ಮೆಮೊರಿಯದು. ಅದಕ್ಕೆ ಮೊದಲು ಸಿಂಕ್, ಆಮೇಲೆ ಡ್ರಾಪ್-ಕ್ಯಾಶಸ್‌ಗೆ 1 ಬರೆದು ಪರೀಕ್ಷೆ ಮಾಡಿ, ಅದೂ ಟೆಸ್ಟ್ ಮಷಿನ್‌ನಲ್ಲಿ. ಇನ್ನೊಂದು, ರೀಡ್-ಅಹೆಡ್ ಬದಲಾಯಿಸಿ "ಏನೂ ಆಗ್ಲಿಲ್ಲ" ಅನ್ನೋರು ಬಹಳ. ಫೈಲ್ ತೆರೆಯುವಾಗಲೇ ಆ ಸಂಖ್ಯೆಯ ನಕಲು ಫೈಲಿನ ಜೊತೆ ಹೋಗಿರುತ್ತೆ. ಮೊದಲೇ ತೆರೆದಿಟ್ಟ ಫೈಲುಗಳು ಹಳೇ ಅಳತೆಯಲ್ಲೇ ಓಡ್ತಿರುತ್ತವೆ, ಸರ್ವಿಸ್ ರಿಸ್ಟಾರ್ಟ್ ಮಾಡಿ ಆಮೇಲೆ ಅಳೆಯಿರಿ.